ಹಿಂದಿನ ಸೀಟಿನ ಬೆಲ್ಟ್

ದೇವಿಕಾಳಿಗೆ ಹಳೆಯ ಕಾರುಗಳ ಹುಚ್ಚು. ಕೊಳ್ಳುವುದಕ್ಕಿಂತ ಹೆಚ್ಚಾಗಿ ನೋಡುವ ಹುಚ್ಚು. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಅವಳು ಸಹಾಯಕ ಎಂಜಿನಿಯರ್. ಮಧ್ಯಾಹ್ನ ರೊಟ್ಟಿ ಡಬ್ಬಿ ಮುಚ್ಚಿ ಕೈ ತೊಳೆದುಕೊಂಡು ಬಂದರೆ, ಇಪ್ಪತ್ತು ನಿಮಿಷ ಫೋನಿನಲ್ಲಿ ಮಾರಾಟದ ಕಾರುಗಳನ್ನು ನೋಡದೆ ಮತ್ತೆ ಫೈಲು ಮುಟ್ಟುತ್ತಿರಲಿಲ್ಲ. ಸಂಡೂರಿನಲ್ಲಿ ತಾಡಪಾಲಿನ ಕೆಳಗೆ ನಿಂತಿರುವ ಕಾಂಟೆಸ್ಸಾ, ಗಂಗಾವತಿಯ ಯಾರದೋ ಮೂರು ಬಾಗಿಲಿನ ಸಿಯೆರಾ, ಸರಕಾರಿ ಬೋರ್ಡು ಕೆರೆದು ತೆಗೆದ ಗುರುತು ಉಳಿದಿರುವ ಬಿಳಿ ಅಂಬಾಸಿಡರ್, ಗಣಿ ರಸ್ತೆಯಲ್ಲಿ ಓಡಿ ಓಡಿ ಒಳಗೆಲ್ಲ ಕೆಂಪಾದ ಜಿಪ್ಸಿ. ಮಾರುವವರು ಬರೆದದ್ದನ್ನು ಅವಳು ಓದುತ್ತಿರಲಿಲ್ಲ, ಫೋಟೊಗಳನ್ನು ಓದುತ್ತಿದ್ದಳು. ಬಾನೆಟ್ಟಿನ ಎರಡೂ ಬದಿಯ ಸಂದು ಒಂದೇ ಅಗಲ ಇದ್ದರೆ ಗಾಡಿ ಎಲ್ಲೂ ಗುದ್ದಿಸಿಕೊಂಡಿಲ್ಲ. ಕ್ಲಚ್ಚಿನ ರಬ್ಬರು ಸವೆದು ನುಣ್ಣಗಾಗಿದ್ದು, ಮೀಟರು ಮಾತ್ರ ನಲವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದರೆ ಅದನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. ನಾಲ್ಕು ಟೈರು ನಾಲ್ಕು ನಮೂನೆಯವಾದರೆ ಯಜಮಾನನಿಗೆ ಗಾಡಿಯ ಮೇಲೆ ಪ್ರೀತಿ ಇಲ್ಲ.

ಇದನ್ನೆಲ್ಲ ಅವಳಿಗೆ ಕಲಿಸಿದವನು ಜಂಬಯ್ಯ, ಕಚೇರಿಯ ಜೀಪಿನ ಡ್ರೈವರು. ದೇವಿಕಾಳ ಅಪ್ಪ ಗೇಟು ವಿಭಾಗದಲ್ಲಿದ್ದಾಗ ಎರಡೂ ಮನೆಗಳು ಡ್ಯಾಮಿನ ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿದ್ದವು. ಆಗ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಲ್ಲುತ್ತಿದ್ದ ಹುಡುಗಿ ಈಗ ಅವನ ಮೇಲಧಿಕಾರಿ. ಕಚೇರಿಯಲ್ಲಿ ಅವನು ಮೇಡಂ ಅನ್ನುತ್ತಿದ್ದ, ಗೇಟು ದಾಟಿದ ಮೇಲೆ ದೇವಿ.

ಹೋದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕಂಪ್ಲಿಯಿಂದ ಒಂದು ಝೆನ್ ಮಾರಾಟಕ್ಕೆ ಬಂದಿತ್ತು. ಎರಡು ಸಾವಿರದ ಮೂರರದು, ಕಡು ಹಸಿರು, ಅಚ್ಚುಕಟ್ಟಾದ ಗಾಡಿ. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮನಸ್ಸಿಗೆ ಬಂದ ಕಾರುಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಅವಳ ಅಭ್ಯಾಸ. ಹುಡುಕಿದಾಗ ಅದೇ ನಂಬರಿನ ಗಾಡಿ ಎರಡು ಸಲ ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದೆ ಸಂಡೂರಿನಿಂದ ಒಬ್ಬ ಹೆಂಗಸು ಮಾರಲಿಕ್ಕೆ ಹಾಕಿದ್ದಳು. ಏಳು ತಿಂಗಳ ಹಿಂದೆ ಹೊಸಪೇಟೆಯ ಒಬ್ಬ ವ್ಯಾಪಾರಿ. ಈಗ ಕಂಪ್ಲಿಯ ಮಲ್ಲಿಕಾರ್ಜುನ್ ಎಂಬವನು. ಇಷ್ಟು ಚೆನ್ನಾಗಿರುವ ಗಾಡಿಯನ್ನು ಯಾರೂ ಯಾಕೆ ಇಟ್ಟುಕೊಳ್ಳುತ್ತಿಲ್ಲ ಎಂದು ಮೂರೂ ಕಡೆಯ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಆಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಮೂರು ಊರುಗಳಲ್ಲೂ ಗಾಡಿಯ ಹಿಂದಿನ ಎಡಭಾಗ ಒಂದು ಬೆರಳಿನಷ್ಟು ಕೆಳಗೆ ಕೂತಿತ್ತು. ಮೂರು ಊರುಗಳಲ್ಲೂ ಒಳಗಿನ ಫೋಟೊದಲ್ಲಿ ಹಿಂದಿನ ಎಡಸೀಟಿನ ಬೆಲ್ಟ್ ಹಾಕಿತ್ತು. ಸೀಟಿನಲ್ಲಿ ಯಾರೂ ಇರಲಿಲ್ಲ.

ಜಂಬಯ್ಯನಿಗೆ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಕೆಳಗೆ ಕೂತಿದ್ದು ಸ್ಪ್ರಿಂಗಿನ ಕೆಲಸ, ಬೆಲ್ಟಿನ ಸಂಗತಿ ತನಗೆ ತಿಳಿಯದು ಎಂದ. ಭಾನುವಾರ ಹೋಗಿ ನೋಡಿ ಬರೋಣ ಎಂದು ಇಬ್ಬರೂ ಮಾತಾಡಿಕೊಂಡರು.

ಕಂಪ್ಲಿಯಲ್ಲಿ ಮಲ್ಲಿಕಾರ್ಜುನನದು ಗೊಬ್ಬರ, ಬೀಜದ ಅಂಗಡಿ. ಮೂವತ್ತೈದರ ಆಸುಪಾಸಿನ ಸಂಕೋಚದ ಮನುಷ್ಯ. ಅಂಗಡಿಯ ಪಕ್ಕದ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ದೇವಿಕಾ ಬಾನೆಟ್ ಎತ್ತಿ ನೋಡಿದಳು, ಕೆಳಗೆ ಮಲಗಿ ನೋಡಿದಳು. ಜಂಬಯ್ಯ ಹಿಂದಿನ ಸ್ಪ್ರಿಂಗುಗಳನ್ನು ತಟ್ಟಿ, ಕೈಯಿಂದ ಅಳೆದು, ಎರಡೂ ಒಂದೇ ತರಹ ಇವೆ, ಯಾವುದೂ ಕುಸಿದಿಲ್ಲ ಎಂದ. ಆದರೂ ಎಡಭಾಗ ತಗ್ಗಾಗಿಯೇ ಇತ್ತು.

ಅವಳು ಹಿಂದಿನ ಬಾಗಿಲು ತೆಗೆದಳು. ಬೆಲ್ಟ್ ಹಾಕಿತ್ತು. ಅದು ಸೀಟಿಗೆ ಅಂಟಿಕೊಂಡು ಬಿದ್ದಿರಲಿಲ್ಲ, ಸ್ವಲ್ಪ ಮುಂದಕ್ಕೆ ಉಬ್ಬಿ ನಿಂತಿತ್ತು. ಇದನ್ನು ಯಾಕೆ ಹಾಕಿದ್ದೀರಿ ಎಂದು ಕೇಳಿದ್ದಕ್ಕೆ ಮಲ್ಲಿಕಾರ್ಜುನ್ ಬೇರೆ ಕಡೆ ನೋಡುತ್ತ, "ಅದು ಹಂಗ ಇರ್ಲಿ ಬಿಡ್ರಿ," ಎಂದ. ಅವಳು ಕೆಂಪು ಗುಂಡಿ ಒತ್ತಿದಳು. ಬೆಲ್ಟ್ ಸರಕ್ಕನೆ ಒಳಗೆ ಹೋಯಿತು. ತಲೆಯೆತ್ತಿ ನೋಡಿದರೆ ಅವನು ಅಂಗಡಿಯ ಒಳಗೆ ಹೋಗಿಬಿಟ್ಟಿದ್ದ.

ಅವಳೂ ಜಂಬಯ್ಯನೂ ಮುಂದೆ ಕೂತು ಗಾಡಿಯನ್ನು ನದಿಯ ಸೇತುವೆಯ ಕಡೆಗೆ ಓಡಿಸಿದರು. ಎಂಜಿನ್ನಿನ ಸದ್ದು ಹೊಲಿಗೆ ಯಂತ್ರದ ಹಾಗೆ ಸಣ್ಣಗೆ, ಒಂದೇ ಸಮ ಇತ್ತು. ಬೆರಳು ತಾಗಿಸಿದರೆ ಗೇರು ಬೀಳುತ್ತಿತ್ತು. ಬಾಳೆತೋಟಗಳ ನಡುವೆ ಅವಳು ಖುಷಿಯಲ್ಲಿ ಏನೋ ಹೇಳಲಿಕ್ಕೆ ಬಾಯಿ ತೆರೆದಾಗ ಹಿಂದಿನಿಂದ ಟಕ್ ಎಂದು ಸದ್ದಾಯಿತು. ಜಂಬಯ್ಯ ತಿರುಗಿ ನೋಡಿದ. ಮತ್ತೆ ಮುಂದಕ್ಕೆ ತಿರುಗಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಕನ್ನಡಿಯಲ್ಲಿ ನೋಡಿದಳು. ಬೆಲ್ಟ್ ಹಾಕಿತ್ತು.

ವಾಪಸು ಬಂದಾಗ ಮಲ್ಲಿಕಾರ್ಜುನ್ ಮಜ್ಜಿಗೆ ತರಿಸಿ ಕೂರಿಸಿದ. ಈಗ ಅವನಿಗೆ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ತನಗೆ ಮಾರಿದ ಹೊಸಪೇಟೆಯವನು ಏನೂ ಹೇಳಿರಲಿಲ್ಲ, ತಾನು ಹಾಗೆ ಮಾಡಲಾರೆ ಎಂದ. ಆರು ತಿಂಗಳಲ್ಲಿ ಗಾಡಿಯಿಂದ ಯಾರಿಗೂ ಕೆಟ್ಟದ್ದು ಆಗಿಲ್ಲ. ಎಲ್ಲೂ ಕೈ ಕೊಟ್ಟಿಲ್ಲ. ಆದರೆ ಹೆಂಡತಿ ಅದರಲ್ಲಿ ಕೂರುವುದನ್ನು ಬಿಟ್ಟಿದ್ದಾಳೆ.

"ಬ್ರೇಕ್ ಹಾಕಿದಾಗ ಕೇಳ್ರಿ," ಎಂದ ಅವನು. "ಆ ಬೆಲ್ಟ್ ಬಿಗೀತೈತಿ. ಖಾಲಿ ಬೆಲ್ಟ್ ಹಂಗ ಬಿಗಿಯಂಗಿಲ್ರಿ. ಮನುಷ್ಯಾರು ಮುಂದಕ್ಕ ಬಾಗಿದ್ರ ಬಿಗೀತೈತಲ್ಲ, ಹಂಗ."

ಹೆದರಿಕೆಯಾಗಬೇಕಿತ್ತು. ದೇವಿಕಾಳಿಗೆ ಆಗಿದ್ದು ಬೇರೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ವಯಸ್ಸಾದವರು ಒಬ್ಬರೇ ಕೂತಿರುವುದನ್ನು ಕಂಡು, ನಮ್ಮ ಬಸ್ಸು ಬಂತೆಂದು ಎದ್ದು ಹೋಗಲಿಕ್ಕೆ ಮನಸ್ಸಾಗದಿದ್ದರೆ ಹೇಗೋ ಹಾಗೆ. ಒಂದು ವಾರ ಓಡಿಸಿ ನೋಡಿ ಹೇಳುತ್ತೇನೆ ಎಂದಳು. ಮಲ್ಲಿಕಾರ್ಜುನ್ ಕೂಡಲೇ ಕೀಲಿ ಕೊಟ್ಟ. ಜಂಬಯ್ಯ ಬರುವಾಗ ಕಾರಿನಲ್ಲಿ ಕೂರದೆ ತಾವು ತಂದಿದ್ದ ಅವಳ ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದ.

ಕಮಲಾಪುರ ಹತ್ತಿರ ಬಂದಾಗ ಹಂಪಿಯ ಕಡೆಯಿಂದ ಒಂದು ಕುರಿಹಿಂಡು ರಸ್ತೆಗೆ ನುಗ್ಗಿತು. ಅವಳು ಜೋರಾಗಿ ಬ್ರೇಕ್ ತುಳಿದಳು. ಹಿಂದೆ ಬೆಲ್ಟ್ ಬಿಗಿದು ನಿಂತ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಸಡಿಲಾದ ಸದ್ದು. ಕುರಿಗಳೆಲ್ಲ ದಾಟುವವರೆಗೂ ಅವಳು ತಿರುಗಿ ನೋಡಲಿಲ್ಲ.

ಮರುದಿನ ಜಂಬಯ್ಯನೇ ಒಂದು ದಾರಿ ಹೇಳಿದ. ಕುರೆಕುಪ್ಪದ ರಸ್ತೆಯಲ್ಲಿ ಅದಿರಿನ ಲಾರಿಗಳನ್ನು ತೂಗುವ ಒಂದು ವೇಬ್ರಿಡ್ಜಿನಲ್ಲಿ ಅವನ ಷಡ್ಡಕ ಕೆಲಸಕ್ಕಿದ್ದ. ಸ್ಟೆಪ್ನಿ, ಜಾಕು, ಕಾಲ ಕೆಳಗಿನ ಮ್ಯಾಟು ಎಲ್ಲ ತೆಗೆದಿಟ್ಟು ಖಾಲಿ ಗಾಡಿಯನ್ನು ತೂಕಕ್ಕೆ ನಿಲ್ಲಿಸಿ ಇಬ್ಬರೂ ಇಳಿದರು. ಆರ್.ಸಿ. ಪುಸ್ತಕದಲ್ಲಿದ್ದ ತೂಕಕ್ಕೆ ಟ್ಯಾಂಕಿನ ಪೆಟ್ರೋಲು ಸೇರಿಸಿದರೂ ನಲವತ್ತು ಕಿಲೋ ಹೆಚ್ಚು ಬಂತು. ಷಡ್ಡಕ ಮೂರು ಸಲ ತೂಗಿದ. ಹಳೇ ಗಾಡಿ, ಎಲ್ಲೆಲ್ಲಿ ಏನು ಬೆಸುಗೆ ಹಾಕಿಸಿದ್ದಾರೋ ಎಂದು ನಕ್ಕ. ಜಂಬಯ್ಯ ನಗಲಿಲ್ಲ. ಚೀಟಿಯನ್ನು ನೋಡುತ್ತ ಮೆಲ್ಲಗೆ ಹೇಳಿದ: "ನಲವತ್ತು ಕಿಲೋ ಅಂದ್ರ ಭಾಳ ವಯಸ್ಸಾದವ್ರು ಇರಬೇಕವ್ವಾ. ಒಣಗಿದವ್ರು."

ಆ ವಾರ ದೇವಿಕಾ ಅದೇ ಗಾಡಿಯಲ್ಲಿ ಕಾಲುವೆ ತಪಾಸಣೆಗೆ ಓಡಾಡಿದಳು. ಮೊದಮೊದಲು ಹಾಡು ಹಾಕಿಕೊಳ್ಳುತ್ತಿದ್ದಳು. ಮೂರನೆಯ ದಿನಕ್ಕೆ ಅದು ಬೇಡವೆನಿಸಿ ನಿಲ್ಲಿಸಿದಳು. ರಸ್ತೆಯಲ್ಲಿ ಹಂಪು ಬಂದರೆ ಗಾಡಿಯನ್ನು ನಿಧಾನವಾಗಿ ಹತ್ತಿಸಿ ಇಳಿಸುತ್ತಿದ್ದಳು. ಹಿಂದೆ ಕೂತವರು ಏನೂ ಮಾಡುತ್ತಿರಲಿಲ್ಲ. ನರಳುತ್ತಿರಲಿಲ್ಲ, ಉಸಿರಾಡಿದ್ದು ಕೇಳಿಸುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂರಲು ಯಾರೋ ಹೇಳಿದ್ದಾರೆ, ಹೇಳಿದಂತೆ ಕೂತಿದ್ದಾರೆ ಎನ್ನುವಂಥ ಮೌನ ಅದು.

ಗುರುವಾರ ಸಂಜೆ ಪಾಪಿನಾಯಕನಹಳ್ಳಿಯ ಹತ್ತಿರ, ಹೊತ್ತು ಇನ್ನೂ ಇರುವಾಗಲೇ, ರಸ್ತೆ ಪಕ್ಕಕ್ಕೆ ಗಾಡಿ ನಿಲ್ಲಿಸಿ ಅವಳು ಮುಂದೆ ನೋಡುತ್ತಲೇ ಕೇಳಿದಳು, "ಯಾರ್ರಿ ನೀವು? ಎಲ್ಲಿಗೆ ಹೋಗ್ಬೇಕ್ರಿ?"

ಉತ್ತರ ಬರಲಿಲ್ಲ. ಆದರೆ ಬೆಲ್ಟ್ ಗೂಡಿನಿಂದ ಒಂದು ಗೇಣು ಹೊರಕ್ಕೆ ಜಾರಿದ ಸದ್ದಾಯಿತು. ಹೇಳಿದ್ದು ಸರಿಯಾಗಿ ಕೇಳಿಸದೆ ಯಾರೋ ಮುಂದಕ್ಕೆ ಬಾಗಿದ ಹಾಗೆ. ಸ್ವಲ್ಪ ಹೊತ್ತಿಗೆ ಬೆಲ್ಟ್ ಮತ್ತೆ ಒಳಗೆ ಹೋಯಿತು.

ಮನೆಗೆ ಬಂದವಳೇ ಸಂಡೂರಿನ ಹಳೆಯ ಜಾಹೀರಾತಿನಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿಕೊಂಡವಳು ದುರ್ಗಕ್ಕ. ಹೈಸ್ಕೂಲಿನಲ್ಲಿ ಆಟದ ಟೀಚರು ಆಗಿದ್ದು ಹೋದ ವರ್ಷ ನಿವೃತ್ತಳಾದವಳು. ದನಿ ಗಡಸು. ಹಸಿರು ಝೆನ್ ಎಂದೊಡನೆ, ಅದನ್ನು ಮಾರಿ ಬಹಳ ದಿನವಾಯಿತು, ಈಗ ಕೇಳಬೇಡಿ ಎಂದಳು. ದೇವಿಕಾ ಬೆಲ್ಟಿನ ಮಾತು ತೆಗೆದಳು.

"ಆ ಗಾಡಿ ಇಲ್ಲಿಗೆ ತರಬ್ಯಾಡ್ರಿ," ಎಂದು ದುರ್ಗಕ್ಕ ಫೋನು ಇಟ್ಟಳು.

ಶನಿವಾರ ಬೆಳಗ್ಗೆ ಅವಳೇ ಫೋನು ಮಾಡಿದಳು. ಎರಡು ರಾತ್ರಿ ನಿದ್ದೆಯಿಲ್ಲದ ದನಿ. "ತಗೊಂಡ್ ಬರ್ರಿ. ಹಗಲೊತ್ತಿನಾಗ ಬರ್ರಿ," ಎಂದಷ್ಟೇ ಹೇಳಿದಳು.

ಭಾನುವಾರ ಜಂಬಯ್ಯ ಕರೆಯದೆಯೇ ಬಂದ. ಈ ಸಲ ಗಾಡಿಯಲ್ಲೇ ಕೂತ. ಹೊಸಪೇಟೆ ದಾಟಿ ಗುಡ್ಡಗಳ ನಡುವೆ ಹೊಕ್ಕ ಮೇಲೆ ಅದಿರಿನ ಲಾರಿಗಳ ಸಾಲು, ಎರಡೂ ಬದಿಯ ಗಿಡಗಳ ಮೇಲೆ ಕೆಂಪು ಧೂಳು. ಸಂಡೂರಿನೊಳಗೆ ಹೊಕ್ಕಾಗ ಬೆಲ್ಟಿನ ಸದ್ದು ಒಂದೆರಡು ಸಲ ಕೇಳಿಸಿತು. ಆಚೆ ಈಚೆ ನೋಡಲು ಹೊರಳಿದ ಹಾಗೆ.

ದುರ್ಗಕ್ಕನ ಮನೆ ಊರಿನ ಅಂಚಿನಲ್ಲಿತ್ತು. ಮುಂದೆ ಸಣ್ಣ ಕಟ್ಟೆ, ಕಬ್ಬಿಣದ ಗೇಟು. ಎತ್ತರದ, ನೆಟ್ಟಗಿನ ಹೆಂಗಸು. ಅವರಿಬ್ಬರನ್ನು ಕಟ್ಟೆಯ ಮೇಲೆ ಕೂರಿಸಿ, ಗಾಡಿಗೆ ಬೆನ್ನು ಮಾಡಿ ನಿಂತುಕೊಂಡು, ಮಕ್ಕಳು ಪಾಠ ಒಪ್ಪಿಸುವಂತೆ ನಡೆದದ್ದನ್ನು ಹೇಳಿದಳು.

ಅವಳ ತಾಯಿ ಭೀಮವ್ವ. ಕೊನೆಯ ನಾಲ್ಕು ವರ್ಷ ಆಕೆಗೆ ಮರೆವು ಹತ್ತಿತ್ತು. ಮಗಳ ಹೆಸರು ಹೋಯಿತು, ಊಟ ಮಾಡಿದ್ದು ಹೋಯಿತು. ಉಳಿದದ್ದು ಒಂದೇ. ಸಂಜೆಯಾಯಿತೆಂದರೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಹೊತ್ತಾಯಿತು, ಮನೆಗೆ ಹೋಗಬೇಕು ಅನ್ನುವಳು. ಇದೇ ನಿನ್ನ ಮನೆ ಎಂದರೆ ಅಳುವಳು. ದುರ್ಗಕ್ಕ ಒಂದು ಉಪಾಯ ಕಂಡುಕೊಂಡಳು. ದಿನಾ ಸಂಜೆ ತಾಯಿಯನ್ನು ಝೆನ್ನಿನಲ್ಲಿ ಕೂರಿಸಿ, ಬಾಗಿಲು ತೆಗೆದುಕೊಂಡಾಳೆಂದು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ, ನಾರಿಹಳ್ಳದ ಡ್ಯಾಮಿನವರೆಗೆ ಹೋಗಿ ಬರುವಳು. ದಾರಿಯುದ್ದಕ್ಕೂ ತಾಯಿ, ಮನೆ ಯಾವಾಗ ಬರುತ್ತದೆ ಎಂದು ಕೇಳುತ್ತಿರುವಳು. ತಿರುಗಿ ಇದೇ ಗೇಟಿನ ಮುಂದೆ ನಿಲ್ಲಿಸಿ, ಮನೆ ಬಂತವ್ವಾ, ಇಳಿ ಎಂದರೆ ಸಾಕು, ಮುಖ ಅರಳಿಸಿಕೊಂಡು ಒಳಗೆ ಬರುವಳು. ಉಣ್ಣುವಳು, ಮಲಗುವಳು.

ಒಂದು ದಿನ, ಅವಳ ತವರಿನ ಜಾಗವನ್ನೇ ತೋರಿಸಿದರೆ ಸಮಾಧಾನವಾದೀತೆಂದು ಕಂಪ್ಲಿಗೆ ಕರೆದುಕೊಂಡು ಹೋದಳು. ತವರುಮನೆ ಇದ್ದಲ್ಲಿ ಯಾರೋ ಮಳಿಗೆ ಕಟ್ಟಿಸಿದ್ದರು. ಭೀಮವ್ವ ಏನೂ ಗುರುತಿಸಲಿಲ್ಲ. ಬಿಸಿಲು ಬೇರೆ. ವಾಪಸು ಬರುವಾಗ ಮನೆ ಬಂತೇನು, ಮನೆ ಬಂತೇನು ಎಂದು ನಿಮಿಷಕ್ಕೊಮ್ಮೆ ಕೇಳತೊಡಗಿದಳು. ಕಮಲಾಪುರದ ಹತ್ತಿರ ದುರ್ಗಕ್ಕನ ತಾಳ್ಮೆ ತಪ್ಪಿತು.

"ನಾ ಹೇಳೋತನಕ ಬಾಯಿ ಮುಚ್ಕೊಂಡು ಕುಂದ್ರು, ಇಲ್ಲಂದ್ರ ಇಲ್ಲೇ ಇಳಿಸಿ ಹೋಗ್ತೀನಿ ಅಂದೆ," ಎಂದಳು ದುರ್ಗಕ್ಕ. "ಅಂದ ಮ್ಯಾಲೆ ಆಕಿ ಒಂದು ಮಾತೂ ಆಡ್ಲಿಲ್ಲ. ನಾನು ಸಮಾಧಾನ ಆತು ಅನ್ಕೊಂಡೆ. ಇಲ್ಲಿಗೆ ಬಂದು ಬಾಗಿಲು ತಗದು ನೋಡಿದ್ರ ಹೋಗಿಬಿಟ್ಟಿದ್ಲು. ಕಣ್ಣು ತೆರಕೊಂಡೇ ಇದ್ಲು."

ಯಾವ ಊರಿನ ಹತ್ತಿರ ಜೀವ ಹೋಯಿತೋ ಅವಳಿಗೆ ತಿಳಿಯದು. ಮಣ್ಣು ಮಾಡಿ ಹನ್ನೊಂದು ದಿನವಾದ ಮೇಲೆ ಗಾಡಿಯ ಬಾಗಿಲು ತೆಗೆದರೆ ಬೆಲ್ಟ್ ಹಾಕಿತ್ತು. ಮರೆತಿರಬೇಕೆಂದು ಬಿಚ್ಚಿದಳು. ಮರುದಿನ ಮತ್ತೆ ಹಾಕಿತ್ತು. ಹದಿನೈದು ದಿನ ಬಿಚ್ಚಿದಳು. ಆಮೇಲೆ ಬಿಚ್ಚಲಿಕ್ಕೆ ಧೈರ್ಯವಾಗಲಿಲ್ಲ. ತಾಯಿ ಸಿಟ್ಟಾಗಿದ್ದಾಳೆ, ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡಳು. ಫೋಟೊ ತೆಗೆದು ಮಾರಾಟಕ್ಕೆ ಹಾಕಿದಳು.

"ಗಾಡಿ ಮಾರಿದೆ ಅನ್ಕೊಂಡಿದ್ದೆ. ಹಡೆದಾಕೀನ ಮಾರಿದ್ನಿ," ಎಂದಳು.

ದೇವಿಕಾ ತನಗೆ ತಿಳಿದದ್ದನ್ನು ಹೇಳಿದಳು. ಆಕೆಗೆ ಸಿಟ್ಟಿಲ್ಲ. ಒಂದು ವಾರ ಜತೆಗೆ ಓಡಾಡಿದ್ದೇನೆ, ಸಿಟ್ಟಿದ್ದರೆ ತಿಳಿಯುತ್ತಿತ್ತು. ನೀವು, ನಾ ಹೇಳುವ ತನಕ ಸುಮ್ಮನಿರು ಅಂದಿರಿ, ಸುಮ್ಮನಿದ್ದಾರೆ. ಆಮೇಲೆ ನೀವು ಹೇಳಲೇ ಇಲ್ಲ.

ದುರ್ಗಕ್ಕ ಮೊದಲ ಸಲ ಗಾಡಿಯ ಕಡೆಗೆ ತಿರುಗಿದಳು. ಆಮೇಲೆ ಹೋಗಿ ಎಡಗಡೆಯ ಹಿಂದಿನ ಬಾಗಿಲು ತೆಗೆದು, ಬಗ್ಗಿ, ಈವರೆಗೆ ಅವರು ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳಿದಳು:

"ಅವ್ವಾ, ಮನಿ ಬಂತು. ಇಳಿ."

ಗುಂಡಿ ಒತ್ತಿದಳು. ಬೆಲ್ಟ್ ಸರಕ್ಕನೆ ಹೋಗಲಿಲ್ಲ. ತುದಿಯನ್ನು ಯಾರೋ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಬಿಟ್ಟಂತೆ ಮೆಲ್ಲಗೆ ಒಳಗೆ ಸರಿಯಿತು. ಗಾಡಿಯ ಆ ಮೂಲೆ ಒಂದು ಬೆರಳಿನಷ್ಟು ಮೇಲೆದ್ದಿತು. ಜಂಬಯ್ಯ ಎದ್ದು ನಿಂತು ತಲೆಗೆ ಸುತ್ತಿದ್ದ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ದುರ್ಗಕ್ಕ ಎಡಗೈಯನ್ನು ಮಡಚಿ ಹಿಡಿದು, ಅದರ ಮೇಲೆ ಯಾರೋ ಭಾರ ಬಿಟ್ಟಂತೆ ಒಂದು ಕಡೆ ವಾಲಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಮನೆಯ ಕಡೆಗೆ ನಡೆದಳು. ಹದಿನೈದು ಹೆಜ್ಜೆಯ ದಾರಿ. ಬಹಳ ಹೊತ್ತು ಹಿಡಿಯಿತು. ನಡುವೆ ಎರಡು ಸಲ ನಿಂತಳು, ಬೇರೆಯವರಿಗೆ ದಣಿವಾದಾಗ ನಿಲ್ಲುವ ಹಾಗೆ. ಬಾಗಿಲಲ್ಲಿ, ಹೊಸ್ತಿಲು ಇದೆ, ಕಾಲೆತ್ತಿ ಇಡು ಎಂದು ಹೇಳಿದ್ದು ಕೇಳಿಸಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವರ ಕಡೆ ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿತು. ಏನೋ ಕೇಳಿದಳು. ನಿಲ್ಲಿಸಿದಳು. ಮತ್ತೆ ಏನೋ ಹೇಳಿ ಸಣ್ಣಗೆ ನಕ್ಕಳು. ಜಂಬಯ್ಯ ದೇವಿಕಾಳ ತೋಳು ಮುಟ್ಟಿ, ಹೋಗೋಣ ಎಂದ.

ದೇವಿಕಾ ಗಾಡಿಯನ್ನು ಕೊಂಡುಕೊಂಡಳು. ಮಲ್ಲಿಕಾರ್ಜುನನಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವನು, ತನ್ನ ಹೆಂಡತಿಗೂ ಇದನ್ನು ಹೇಳಬೇಕು, ಹೆದರಿ ದೂರ ಇದ್ದದ್ದಕ್ಕೆ ನೊಂದುಕೊಳ್ಳುತ್ತಾಳೆ ಎಂದ. ಬೆಲ್ಟ್ ಮತ್ತೆ ತಾನಾಗಿ ಹಾಕಿಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ಅವಳು ಫೈಲು, ಛತ್ರಿ, ತರಕಾರಿ ಚೀಲ ಇಡತೊಡಗಿದಳು. ಮೊದಲ ಸಲ ಚೀಲ ಇಡುವಾಗ ಮಾತ್ರ ಯಾರದೋ ಜಾಗದಲ್ಲಿ ಇಟ್ಟಂತೆ ಕೈ ತಡೆದಿತ್ತು.

ಒಂದೂವರೆ ತಿಂಗಳಾದ ಮೇಲೆ, ಯುಗಾದಿ ಕಳೆದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ, ಅವಳು ಕಚೇರಿಯಲ್ಲಿದ್ದಾಗ ದುರ್ಗಕ್ಕನ ಫೋನು ಬಂತು. ದನಿಯಲ್ಲಿ ಗಡಸು ಇರಲಿಲ್ಲ. ತುಂಬ ದಣಿದಿದ್ದಳು, ಆದರೆ ದುಃಖದಲ್ಲಿರುವವರ ದಣಿವಲ್ಲ, ಮನೆಯಲ್ಲಿ ಯಾರನ್ನೋ ನೋಡಿಕೊಳ್ಳುವವರ ದಣಿವು. ಆರೋಗ್ಯ ವಿಚಾರಿಸಿದಳು, ಗಾಡಿ ಹೇಗಿದೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಗಾಡಿ ಒಂದ್ಸಲ ತರ್ತೀರೇನು? ಸಂಜಿ ಆತಂದ್ರ ಆಕಿ ಬಾಗಿಲದಾಗ ಬಂದು ನಿಂತ್ಕೋತಾಳ. ಹೊತ್ತಾತು, ಮನಿಗೆ ಹೋಗ್ಬೇಕು ಅಂತಾಳ."

ಫೋನಿನಲ್ಲಿ ದುರ್ಗಕ್ಕನ ದನಿಯ ಹಿಂದೆ, ದೂರದಲ್ಲಿ, ಬಾಗಿಲಿನ ಚಿಲಕವನ್ನು ಯಾರೋ ಸರಿಸಿ ನೋಡುತ್ತಿರುವ ಸದ್ದು ಕೇಳಿಸುತ್ತಿತ್ತು. ಒಮ್ಮೆ, ಮತ್ತೊಮ್ಮೆ.

ಭಾನುವಾರ ಬರುತ್ತೇನೆ ಎಂದಳು ದೇವಿಕಾ.

ಆ ಸಲ ಜಂಬಯ್ಯ ಬರಲಿಲ್ಲ, ಅವಳೂ ಕರೆಯಲಿಲ್ಲ. ಸಂಜೆ ಐದಕ್ಕೆ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ದುರ್ಗಕ್ಕ ತಯಾರಾಗಿ ಕಟ್ಟೆಯ ಮೇಲಿದ್ದಳು. ಕೈ ಮಡಚಿಕೊಂಡು ನಡೆದು ಬಂದು, ಎಡಗಡೆಯ ಬಾಗಿಲು ತೆಗೆದು, ಬೆಲ್ಟ್ ಎಳೆದು ಹಾಕಿದಳು. ತಾನು ಸುತ್ತಿ ಬಂದು ಬಲಗಡೆ ಕೂತಳು. ನಾರಿಹಳ್ಳದ ಕಡೆಗೆ ದೇವಿಕಾ ನಿಧಾನವಾಗಿ ಓಡಿಸಿದಳು. ಹಿಂದೆ ದುರ್ಗಕ್ಕ ಆಗಾಗ ಉತ್ತರ ಕೊಡುತ್ತಿದ್ದಳು. ಬರ್ತೈತವ್ವಾ. ಇನ್ನೇನು ಬಂತು. ಹತ್ತು ಸಲ ಹೇಳಿದಳು, ಇಪ್ಪತ್ತು ಸಲ ಹೇಳಿದಳು. ಒಂದು ಸಲವೂ ದನಿ ಏರಿಸಲಿಲ್ಲ.